ವಿಡಿಯೊ ಕ್ಯಾಪ್ಚರ್‌ಗೆ ಆಡಿಯೊ–ವಿಡಿಯೊ ಕೇಬಲ್ ಜೋಡಣೆ

ವಿಸಿಆರ್, ಕ್ಯಾಮ್‌ಕಾರ್ಡರ್, ಡಿವಿಡಿ ಪ್ಲೇಯರ್, ಗೇಮ್ ಕನ್ಸೋಲ್ ಮುಂತಾದ ಉಪಕರಣಗಳ ಚಿತ್ರ ಮತ್ತು ಧ್ವನಿಯ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಕಡತವಾಗಿ ದಾಖಲಿಸುವುದಕ್ಕೆ ವಿಡಿಯೊ ಕ್ಯಾಪ್ಚರ್ ಎಂದು ಹೆಸರು. ಆ ಸಂಕೇತಗಳನ್ನು ಕಂಪ್ಯೂಟರಿಗೆ ತಲುಪಿಸುವ ಕೇಬಲ್, ಪ್ಲಗ್, ಪರಿವರ್ತಕಗಳನ್ನು ಸರಿಯಾದ ಕ್ರಮದಲ್ಲಿ ಕೂಡಿಸುವ ಕೆಲಸವೇ ಕೇಬಲ್ ಜೋಡಣೆ. ಸಂಕೇತ ಹೊರಡುವ ಯಂತ್ರವನ್ನು ಇಲ್ಲಿ ಮೂಲ ಉಪಕರಣವೆಂದೂ, ಅದನ್ನು ಕಂಪ್ಯೂಟರ್ ಓದಬಲ್ಲ ದತ್ತಾಂಶವಾಗಿ ಮಾರ್ಪಡಿಸುವ ಕಾರ್ಡು ಅಥವಾ ಡಬ್ಬಿಯನ್ನು ಕ್ಯಾಪ್ಚರ್ ಸಾಧನವೆಂದೂ ಕರೆಯಲಾಗಿದೆ. ಕೇಬಲ್ಲಿನ ತುದಿ ಪ್ಲಗ್. ಅದು ಹೋಗಿ ಕೂರುವ ಕಿಂಡಿ ಜಾಕ್. ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುವುದು ಈ ಜೋಡಣೆಯ ಅತಿ ಸಾಮಾನ್ಯ ಉದ್ದೇಶ. ಹೀಗಾಗಿ ಲೇಖನದ ಹೆಚ್ಚಿನ ಭಾಗ ಅನಲಾಗ್ ಸಂಕೇತಗಳಿಗೆ ಮೀಸಲಾಗಿದೆ.

ಮೂಲ ಮತ್ತು ಬೆಳವಣಿಗೆ

ಈ ಕೆಲಸಕ್ಕೆ ಬಳಕೆಯಾಗುವ ಪ್ಲಗ್‌ಗಳಲ್ಲಿ ಹಲವು ಕಂಪ್ಯೂಟರಿಗಿಂತ ಹಿರಿಯವು. ಹಳದಿ, ಬಿಳಿ, ಕೆಂಪು ಬಣ್ಣಗಳಲ್ಲಿ ಮನೆಮನೆಗೂ ಪರಿಚಿತವಾದ ಆರ್‌ಸಿಎ ಪ್ಲಗ್ಗನ್ನು 1930ರ ದಶಕದಲ್ಲಿ ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕ ಕಂಪನಿ ಗ್ರಾಮಫೋನನ್ನು ರೇಡಿಯೊಗೆ ಸೇರಿಸಲೆಂದು ರೂಪಿಸಿತು. ಹೆಡ್‌ಫೋನಿನ 3.5 ಮಿ.ಮೀ. ಪ್ಲಗ್ ಹಳೆಯ ಟೆಲಿಫೋನ್ ವಿನಿಮಯ ಕೇಂದ್ರಗಳ ದಪ್ಪ ಪ್ಲಗ್ಗಿನ ಕಿರಿಯ ರೂಪ.

ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿ ಕಂಪನಿಯ ವಿಎಚ್ಎಸ್ 1976ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದವು. ಆ ಕಾಲದ ಟಿವಿಗಳಲ್ಲಿ ಬಹುಪಾಲಿಗೆ ಆಂಟೆನಾ ಜಾಕ್ ಬಿಟ್ಟು ಬೇರೆ ದಾರಿಯಿರಲಿಲ್ಲ. ಅದಕ್ಕಾಗಿ ವಿಸಿಆರ್ ತಾನೇ ಒಂದು ಪುಟ್ಟ ಪ್ರಸಾರ ಕೇಂದ್ರದಂತೆ ಚಿತ್ರವನ್ನು ಟಿವಿಯ ಒಂದು ಚಾನೆಲ್ಲಿಗೆ ಏರಿಸಿ ಕಳಿಸುತ್ತಿತ್ತು. ಚಿತ್ರವನ್ನು ಹಳದಿ ಪ್ಲಗ್ಗಿನಿಂದ ನೇರವಾಗಿ ಪಡೆಯುವ ಕಾಂಪೋಸಿಟ್ ಜಾಕ್ ಇರುವ ಟಿವಿಗಳು ಆಮೇಲೆ ಬಂದವು. 1987ರಲ್ಲಿ ಜೆವಿಸಿ ವಿಎಚ್ಎಸ್‌ನ ಸುಧಾರಿತ ರೂಪವಾದ ಎಸ್-ವಿಎಚ್ಎಸ್ ಹೊರತಂದಾಗ, ಬಣ್ಣ ಮತ್ತು ಪ್ರಕಾಶವನ್ನು ಬೇರೆ ಬೇರೆ ಎಳೆಯಲ್ಲಿ ಒಯ್ಯುವ ಎಸ್-ವಿಡಿಯೊ ಜಾಕ್ ಅದರೊಂದಿಗೆ ಮನೆಬಳಕೆಗೆ ಇಳಿಯಿತು. ಯುರೋಪಿನಲ್ಲಿ ಫ್ರಾನ್ಸಿನ 21 ಪಿನ್ನಿನ ಸ್ಕಾರ್ಟ್ ಕನೆಕ್ಟರ್ ಹರಡಿತು. ಭಾರತದ ಟಿವಿಗಳಲ್ಲಿ ಅದು ಬೇರೂರಲಿಲ್ಲ.

ಭಾರತದಲ್ಲಿ ವರ್ಣ ಪ್ರಸಾರ ಆರಂಭವಾದದ್ದು 1982ರ ಏಷ್ಯನ್ ಕ್ರೀಡಾಕೂಟದ ವರ್ಷ. ದೇಶ ಆರಿಸಿಕೊಂಡ ಪಾಲ್ ಪದ್ಧತಿಯಲ್ಲೇ ಆಮೇಲಿನ ವಿಸಿಆರ್‌ಗಳೂ ಕ್ಯಾಮೆರಾಗಳೂ ಕೆಲಸ ಮಾಡಿದವು. ಕರ್ನಾಟಕದ ಸ್ಟುಡಿಯೊಗಳು ಎಂಬತ್ತು–ತೊಂಬತ್ತರ ದಶಕಗಳಲ್ಲಿ ಚಿತ್ರೀಕರಿಸಿದ ಮದುವೆ, ಉಪನಯನ, ಗೃಹಪ್ರವೇಶದ ಕ್ಯಾಸೆಟ್‌ಗಳು ಸಾಮಾನ್ಯವಾಗಿ ಪಾಲ್ ವಿಎಚ್ಎಸ್ ರೂಪದವು. ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಕಳಿಸಿದ ಟೇಪುಗಳು ಮಾತ್ರ ಎನ್‌ಟಿಎಸ್‌ಸಿ ಪದ್ಧತಿಯಲ್ಲಿರುವುದುಂಟು. ಒಂದೇ ಬೀರುವಿನಲ್ಲಿ ಎರಡೂ ಬಗೆ ಸೇರಿಕೊಂಡಿರುವುದು ಅಪರೂಪವಲ್ಲ.

ಕಂಪ್ಯೂಟರಿನ ಕಡೆಯಿಂದ ಮೊದಲ ಹೆಸರಾಂತ ಸಾಧನ 1990ರ ವಿಡಿಯೊ ಟೋಸ್ಟರ್. ನ್ಯೂಟೆಕ್ ಕಂಪನಿ ಅದನ್ನು ಅಮಿಗ ಕಂಪ್ಯೂಟರಿಗೆ ಮಾಡಿತು. ಅದು ಮುಖ್ಯವಾಗಿ ದೃಶ್ಯಗಳನ್ನು ಬದಲಿಸುವ, ಬೆರೆಸುವ ಯಂತ್ರವಾಗಿತ್ತು. ಆಪಲ್‌ನ ಕ್ವಿಕ್‌ಟೈಮ್ 1991ರಲ್ಲಿ, ಮೈಕ್ರೋಸಾಫ್ಟಿನ ವಿಡಿಯೊ ಫಾರ್ ವಿಂಡೋಸ್ 1992ರಲ್ಲಿ ಬಂದು, ಸಾಮಾನ್ಯ ಕಂಪ್ಯೂಟರಿಗೂ ಚಲಿಸುವ ಚಿತ್ರವನ್ನು ಕಡತವಾಗಿಡುವ ದಾರಿ ತೆರೆದವು. ಆಗಿನ ಹಾರ್ಡ್‌ಡಿಸ್ಕ್ ವೇಗಕ್ಕೆ ಅಂಚೆಚೀಟಿಯಷ್ಟು ಕಿಟಕಿಯಲ್ಲಿ ಆಡುವ ಚಿತ್ರವೇ ದೊಡ್ಡದು. ತೊಂಬತ್ತರ ದಶಕದ ನಡುವಿನಿಂದ ಪಿಸಿಐ ಸ್ಲಾಟಿಗೆ ಹಾಕುವ ಟಿವಿ ಟ್ಯೂನರ್ ಕಾರ್ಡುಗಳು ಅಗ್ಗವಾದವು. 1995ರಲ್ಲಿ ಬಂದ ಡಿವಿ ಟೇಪ್ ಮತ್ತು ಫೈರ್‌ವೈರ್ ಕೇಬಲ್ ಮನೆಯ ಕಂಪ್ಯೂಟರಿನಲ್ಲೇ ಸಂಕಲನ ಮಾಡುವಷ್ಟು ಗುಣಮಟ್ಟ ಕೊಟ್ಟವು. 2000ದ ಯುಎಸ್‌ಬಿ 2.0 ಬಂದ ಬಳಿಕ ಕಾರ್ಡಿನ ಜಾಗವನ್ನು ಬೆರಳುದ್ದದ ಯುಎಸ್‌ಬಿ ಸಾಧನ ಹಿಡಿಯಿತು. 2002ರ ಕೊನೆಯಲ್ಲಿ ಪ್ರಕಟವಾದ ಎಚ್‌ಡಿಎಂಐ ಹೊಸ ಉಪಕರಣಗಳಿಗೆ ಚಿತ್ರ–ಧ್ವನಿ ಎರಡನ್ನೂ ಸಾಗಿಸುವ ಒಂದೇ ಕೇಬಲ್ಲಾಯಿತು.

ಚಿತ್ರ ಸಂಕೇತದ ರಚನೆ

ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮಿಗೆ 625 ಗೆರೆಗಳು. ಸೆಕೆಂಡಿಗೆ 25 ಫ್ರೇಮ್. 625ರಲ್ಲಿ ಚಿತ್ರವಿರುವುದು 576 ಗೆರೆಗಳಲ್ಲಿ. ಉಳಿದವು ಮುಂದಿನ ಸುತ್ತಿಗೆ ಮರಳುವ ಬಿಡುವು. ಪ್ರತಿ ಫ್ರೇಮೂ ಎರಡು ಫೀಲ್ಡ್‌ಗಳಾಗಿ, ಬೆಸ ಗೆರೆಗಳು ಒಮ್ಮೆ ಸಮ ಗೆರೆಗಳು ಒಮ್ಮೆ ಎಂಬಂತೆ ಬರುತ್ತದೆ. ಇದಕ್ಕೆ ಇಂಟರ್‌ಲೇಸ್ ಎಂದು ಹೆಸರು. ಎನ್‌ಟಿಎಸ್‌ಸಿಯಲ್ಲಿ 525 ಗೆರೆಗಳು, ಸೆಕೆಂಡಿಗೆ 29.97 ಫ್ರೇಮ್.

ವರ್ಣ ಸಂಕೇತದಲ್ಲಿ ಎರಡು ಭಾಗಗಳಿವೆ. ಕಪ್ಪು–ಬಿಳುಪಿನ ವಿವರ ಹೊರುವುದು ಪ್ರಕಾಶಾಂಶ. ಬಣ್ಣವನ್ನು ಹೊರುವುದು ವರ್ಣಾಂಶ. ಕಾಂಪೋಸಿಟ್ ಸಂಕೇತದಲ್ಲಿ ಎರಡೂ, ಜೊತೆಗೆ ಗೆರೆ ಎಲ್ಲಿ ಆರಂಭವಾಗಬೇಕೆಂದು ಹೇಳುವ ಸಿಂಕ್ ಸ್ಪಂದನವೂ ಒಂದೇ ತಂತಿಯಲ್ಲಿ ಬೆರೆತು ಸಾಗುತ್ತವೆ. ಪಾಲ್‌ನಲ್ಲಿ ಬಣ್ಣ 4.43 ಮೆಗಾಹರ್ಟ್ಸ್ ವಾಹಕದ ಮೇಲೂ, ಎನ್‌ಟಿಎಸ್‌ಸಿಯಲ್ಲಿ 3.58 ಮೆಗಾಹರ್ಟ್ಸ್ ವಾಹಕದ ಮೇಲೂ ಕೂರುತ್ತದೆ. 75 ಓಮ್ ತಂತಿಯಲ್ಲಿ ಸಂಕೇತದ ಒಟ್ಟು ಎತ್ತರ 1 ವೋಲ್ಟ್. ಅದರಲ್ಲಿ ಸುಮಾರು 0.7 ವೋಲ್ಟ್ ಚಿತ್ರದ್ದು, 0.3 ವೋಲ್ಟ್ ಸಿಂಕ್‌ನದು.

ಬೆರೆತದ್ದನ್ನು ಮತ್ತೆ ಬೇರ್ಪಡಿಸುವಾಗ ನಷ್ಟ ತಪ್ಪದು. ಸಣ್ಣ ಗೆರೆಗಳಿರುವ ಸೀರೆಯ ಮೇಲೆ ಇಲ್ಲದ ಕಾಮನಬಿಲ್ಲು ಮೂಡುವುದು, ಬಣ್ಣದ ಅಂಚಿನಲ್ಲಿ ಚುಕ್ಕಿಗಳು ತೆವಳುವುದು ಈ ಬೇರ್ಪಡಿಕೆಯ ದೋಷಗಳು. ವಿಎಚ್ಎಸ್ ಟೇಪಿನ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಟೇಪಿನ ಮೇಲೆ ಪ್ರಕಾಶಾಂಶ ಮತ್ತು ವರ್ಣಾಂಶ ಬೇರೆ ಬೇರೆ ಆವರ್ತನಗಳಲ್ಲೇ ಇರುತ್ತವೆ. ಬಣ್ಣ ಸುಮಾರು 627 ಕಿಲೋಹರ್ಟ್ಸ್‌ಗೆ ಇಳಿದು ಕೂತಿರುತ್ತದೆ. ವಿಸಿಆರ್ ಅವನ್ನು ಓದಿ, ಕಾಂಪೋಸಿಟ್ ಜಾಕ್‌ಗಾಗಿಯೇ ಬೆರೆಸುತ್ತದೆ. ಕ್ಯಾಪ್ಚರ್ ಸಾಧನ ಮತ್ತೆ ಬಿಡಿಸುತ್ತದೆ. ಎಸ್-ವಿಡಿಯೊ ಜಾಕ್ ಇರುವ ಎಸ್-ವಿಎಚ್ಎಸ್ ವಿಸಿಆರ್‌ನಲ್ಲಿ ಸಾಮಾನ್ಯ ವಿಎಚ್ಎಸ್ ಟೇಪ್ ಆಡಿಸಿದರೂ ಚಿತ್ರ ಹೆಚ್ಚು ಶುದ್ಧವಾಗಿ ಬರುವುದು ಈ ಕಾರಣದಿಂದ. ವಿಎಚ್ಎಸ್‌ನ ಅಡ್ಡಗೆರೆಯ ವಿವರ ಸುಮಾರು 240 ಗೆರೆಗಳಷ್ಟೆ, ಎಸ್-ವಿಎಚ್ಎಸ್‌ನದು ಸುಮಾರು 400. ಟೇಪಿನಲ್ಲೇ ಇಲ್ಲದ ವಿವರವನ್ನು ಯಾವ ಕೇಬಲ್ಲೂ ತಂದುಕೊಡದು.

ವಿಡಿಯೊ ಜೋಡಣೆಯ ಬಗೆಗಳು

ಆಂಟೆನಾ ಜೋಡಣೆ. ಧ್ವನಿಯನ್ನೂ ಚಿತ್ರವನ್ನೂ ರೇಡಿಯೊ ಆವರ್ತನಕ್ಕೆ ಏರಿಸಿ ಒಂದೇ ಕೊಆಕ್ಸಿಯಲ್ ಕೇಬಲ್ಲಿನಲ್ಲಿ ಕಳಿಸುವ ಬಗೆ. ಟ್ಯೂನರ್ ಇರುವ ಕಾರ್ಡು ಬೇಕು. ಧ್ವನಿ ಸಾಮಾನ್ಯವಾಗಿ ಮೋನೊ. ಬೇರೆ ಜಾಕ್ ಇಲ್ಲದಿದ್ದಾಗ ಮಾತ್ರ ಬಳಸತಕ್ಕದ್ದು.

ಕಾಂಪೋಸಿಟ್. ಹಳದಿ ಆರ್‌ಸಿಎ ಪ್ಲಗ್. ವಿಎಚ್ಎಸ್, ವಿಡಿಯೊ 8, ಹಳೆಯ ಗೇಮ್ ಕನ್ಸೋಲ್‌ಗಳಲ್ಲಿ ಅತ್ಯಂತ ಸಾಮಾನ್ಯ. ಆಡಿಯೊದ ಬಿಳಿ, ಕೆಂಪು ಪ್ಲಗ್‌ಗಳಿಗೂ ಹಳದಿಗೂ ಆಕಾರದಲ್ಲಿ ವ್ಯತ್ಯಾಸವಿಲ್ಲ. ಒಳ್ಳೆಯ ಕೇಬಲ್ಲಿನಲ್ಲಿ ಹಳದಿ ಎಳೆ ಮಾತ್ರ 75 ಓಮ್‌ನ ಕೊಆಕ್ಸಿಯಲ್ ತಂತಿಯಾಗಿರುತ್ತದೆ. ಒಂದೆರಡು ಮೀಟರ್ ದೂರಕ್ಕೆ ಆಡಿಯೊ ಎಳೆಯಲ್ಲಿ ಚಿತ್ರ ಕಳಿಸಿದರೂ ಕಾಣುತ್ತದೆ, ಉದ್ದ ಹೆಚ್ಚಿದಂತೆ ನೆರಳು ಬೀಳುತ್ತದೆ.

ಎಸ್-ವಿಡಿಯೊ. ನಾಲ್ಕು ಸಣ್ಣ ಪಿನ್ನುಗಳ ದುಂಡು ಪ್ಲಗ್. ಪ್ರಕಾಶಾಂಶ, ವರ್ಣಾಂಶ ಎರಡಕ್ಕೂ ಪ್ರತ್ಯೇಕ ಎಳೆ, ಪ್ರತ್ಯೇಕ ಗ್ರೌಂಡ್. ಪಿನ್ನುಗಳು ಬೇಗ ಬಾಗುತ್ತವೆ. ಒಳಗಿನ ಪ್ಲಾಸ್ಟಿಕ್ ಗುರುತನ್ನು ನೋಡಿ ನೇರವಾಗಿ ಒತ್ತಬೇಕು, ತಿರುಗಿಸಬಾರದು. ವರ್ಣಾಂಶದ ಪಿನ್ ಕೆಟ್ಟರೆ ಚಿತ್ರ ಕಪ್ಪು–ಬಿಳುಪಾಗುತ್ತದೆ. ಕಾಂಪೋಸಿಟ್ ಮಾತ್ರ ಇರುವ ವಿಸಿಆರ್‌ಗೆ ಅಡಾಪ್ಟರ್ ಹಾಕಿ ಎಸ್-ವಿಡಿಯೊ ಜಾಕ್‌ಗೆ ಸೇರಿಸುವುದರಿಂದ ಗುಣಮಟ್ಟ ಏರುವುದಿಲ್ಲ. ಬೆರಕೆ ಅಷ್ಟರಲ್ಲಿ ಆಗಿಹೋಗಿರುತ್ತದೆ. ಎಸ್-ವಿಡಿಯೊ ಧ್ವನಿಯನ್ನು ಒಯ್ಯುವುದಿಲ್ಲ ಎಂಬುದು ಹೊಸಬರು ಹೆಚ್ಚಾಗಿ ಮರೆಯುವ ಸಂಗತಿ.

ಕಾಂಪೊನೆಂಟ್. ಹಸಿರು, ನೀಲಿ, ಕೆಂಪು ಬಣ್ಣದ ಮೂರು ಆರ್‌ಸಿಎ ಪ್ಲಗ್. ಹಸಿರಿನಲ್ಲಿ ಪ್ರಕಾಶಾಂಶವೂ ಸಿಂಕ್ ಕೂಡ, ಉಳಿದೆರಡರಲ್ಲಿ ಬಣ್ಣದ ವ್ಯತ್ಯಾಸ ಸಂಕೇತಗಳೂ ಸಾಗುತ್ತವೆ. ಡಿವಿಡಿ ಪ್ಲೇಯರ್ ಮತ್ತು 2000ದ ದಶಕದ ಕನ್ಸೋಲ್‌ಗಳಲ್ಲಿ ಇದು ಕಾಣುತ್ತದೆ. ಇಲ್ಲಿನ ಕೆಂಪು ಚಿತ್ರದ್ದು. ಆಡಿಯೊದ ಕೆಂಪಿನೊಡನೆ ಅದಲುಬದಲಾಗುವುದು ತೀರಾ ಸಾಮಾನ್ಯ.

ಬೀಟಾಕ್ಯಾಮ್‌ನಂಥ ವೃತ್ತಿಪರ ಯಂತ್ರಗಳು ಇದೇ ಸಂಕೇತಗಳನ್ನು ತಿರುಚಿ ಬಿಗಿಯುವ ಬಿಎನ್‌ಸಿ ಪ್ಲಗ್‌ನಲ್ಲಿ ಕೊಡುತ್ತವೆ. ಡಿಜಿಟಲ್ ಸ್ಟುಡಿಯೊ ಯಂತ್ರಗಳಲ್ಲಿ ಅದೇ ಬಿಎನ್‌ಸಿಯಲ್ಲಿ ಎಸ್‌ಡಿಐ ಸಂಕೇತ ಬರುತ್ತದೆ. ಸಾಮಾನ್ಯ ಗುಣಮಟ್ಟಕ್ಕೆ ಸೆಕೆಂಡಿಗೆ 270 ಮೆಗಾಬಿಟ್, ಎಚ್‌ಡಿಗೆ 1.485 ಗಿಗಾಬಿಟ್. ಒಂದೇ ಕೇಬಲ್ಲಿನಲ್ಲಿ ಹಲವು ಧ್ವನಿ ಪಥಗಳೂ ಸಾಗುತ್ತವೆ.

ಕ್ಯಾಮ್‌ಕಾರ್ಡರಿನ ಎವಿ ಜಾಕ್ ಪ್ರತ್ಯೇಕ ಪ್ರಸ್ತಾಪ ಬೇಡುತ್ತದೆ. ಜಾಗ ಉಳಿಸಲು ತಯಾರಕರು ಚಿತ್ರವನ್ನೂ ಎರಡು ಧ್ವನಿಗಳನ್ನೂ ನಾಲ್ಕು ಸುತ್ತುಗಳ ಒಂದೇ 3.5 ಮಿ.ಮೀ. ಪ್ಲಗ್‌ನಲ್ಲಿ ಸೇರಿಸಿದರು, ಆದರೆ ಯಾವ ಸುತ್ತಿಗೆ ಯಾವ ಸಂಕೇತವೆಂಬ ಕ್ರಮ ಎಲ್ಲ ಕಂಪನಿಗಳಲ್ಲಿ ಒಂದೇ ಅಲ್ಲ. ಬೇರೆ ಕಂಪನಿಯ ಕೇಬಲ್ ಹಾಕಿದಾಗ ಚಿತ್ರ ಬಾರದೆ ಸ್ಪೀಕರಿನಲ್ಲಿ ಗುಯ್‌ಗುಟ್ಟುವ ಸದ್ದು ಬಂದರೆ, ಚಿತ್ರ ಸಂಕೇತ ಧ್ವನಿಯ ಎಳೆಯಲ್ಲಿ ಬರುತ್ತಿದೆ ಎಂದರ್ಥ. ಗ್ರೌಂಡ್ ಸುತ್ತು ಎರಡರಲ್ಲೂ ಒಂದೇ ಕಡೆ ಇದ್ದರೆ ಹಳದಿಯ ಜಾಗಕ್ಕೆ ಕೆಂಪನ್ನೋ ಬಿಳಿಯನ್ನೋ ಹಾಕಿ ನೋಡಿದರೆ ಸರಿಹೋಗುತ್ತದೆ. ಗ್ರೌಂಡೇ ಬೇರೆ ಕಡೆ ಇದ್ದರೆ ಆ ಕ್ಯಾಮೆರಾದ ಕೇಬಲ್ಲೇ ಬೇಕು.

ಆಡಿಯೊ ಜೋಡಣೆ

ವಿಸಿಆರ್‌ನಿಂದ ಹೊರಬರುವುದು ಲೈನ್ ಮಟ್ಟದ ಧ್ವನಿ. ಮನೆಬಳಕೆಯ ಉಪಕರಣಗಳಿಗೆ ಇದರ ವಾಡಿಕೆಯ ಅಳತೆ −10 ಡಿಬಿವಿ, ಸ್ಟುಡಿಯೊ ಯಂತ್ರಗಳಿಗೆ +4 ಡಿಬಿಯು. ಮೈಕಿನ ಸಂಕೇತ ಇದಕ್ಕಿಂತ ಬಹಳ ದುರ್ಬಲ. ಹಾಗಾಗಿ ಕಂಪ್ಯೂಟರಿನ ಮೈಕ್ ಜಾಕ್ ಒಳಬಂದದ್ದನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ವಿಸಿಆರ್‌ನ ಧ್ವನಿಯನ್ನು ಅಲ್ಲಿಗೆ ಕೊಟ್ಟರೆ ಒಡೆದ, ಕರ್ಕಶ ಶಬ್ದ ದಾಖಲಾಗುತ್ತದೆ, ಅದನ್ನು ಆಮೇಲೆ ಯಾವ ತಂತ್ರಾಂಶವೂ ಸರಿಮಾಡದು. ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂಬದಿಯ ವಾಡಿಕೆಯ ಬಣ್ಣಗಳಲ್ಲಿ ತಿಳಿನೀಲಿ ಲೈನ್ ಇನ್, ಗುಲಾಬಿ ಮೈಕ್, ಹಸಿರು ಸ್ಪೀಕರ್. ಎರಡು ಆರ್‌ಸಿಎಯಿಂದ ಒಂದು ಸ್ಟೀರಿಯೊ 3.5 ಮಿ.ಮೀ. ಪ್ಲಗ್‌ಗೆ ಬರುವ ಕೇಬಲ್ಲನ್ನು ತಿಳಿನೀಲಿ ಜಾಕ್‌ಗೆ ಹಾಕಬೇಕು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಡ್‌ಫೋನ್–ಮೈಕ್ ಸೇರಿದ ಒಂದೇ ಜಾಕ್ ಇರುತ್ತದೆ. ಅದು ಒಳಗೆ ತೆಗೆದುಕೊಳ್ಳುವುದು ಮೋನೊ ಮೈಕ್ ಸಂಕೇತವನ್ನು ಮಾತ್ರ, ಆದ್ದರಿಂದ ಈ ಕೆಲಸಕ್ಕೆ ಬಾರದು. ಆಡಿಯೊ ಜಾಕ್ ತಾನೇ ಹೊಂದಿರುವ ಯುಎಸ್‌ಬಿ ಕ್ಯಾಪ್ಚರ್ ಸಾಧನ ಬೇಕಾಗುತ್ತದೆ.

ಬಿಳಿ ಪ್ಲಗ್ ಎಡ ಧ್ವನಿಗೆ, ಕೆಂಪು ಬಲ ಧ್ವನಿಗೆ. ಭಾರತದಲ್ಲಿ ಮಾರಾಟವಾದ ಅನೇಕ ವಿಸಿಆರ್‌ಗಳು ಮತ್ತು ಟೇಪ್ ಆಡಿಸಲು ಮಾತ್ರ ಬರುವ ವಿಸಿಪಿಗಳು ಮೋನೊ ಆಗಿದ್ದು ಒಂದೇ ಆಡಿಯೊ ಜಾಕ್ ಹೊಂದಿವೆ. ಅದನ್ನು ಬಿಳಿಗೆ ಸೇರಿಸಿ ದಾಖಲಿಸಿ, ಬಳಿಕ ಎಡಪಥವನ್ನು ಬಲಕ್ಕೂ ನಕಲಿಸುವುದು ಸರಳ ಮಾರ್ಗ. ಒಂದನ್ನು ಎರಡಾಗಿಸುವ ವೈ ಅಡಾಪ್ಟರ್ ಕೂಡ ಆಗುತ್ತದೆ. ಹೈಫೈ ವಿಸಿಆರ್‌ಗಳು ತಿರುಗುವ ಹೆಡ್‌ನಿಂದ ಓದುವ ಸ್ಟೀರಿಯೊ ಧ್ವನಿಯನ್ನೂ, ಟೇಪಿನ ಅಂಚಿನ ಹಳೆಯ ಮೋನೊ ಪಥವನ್ನೂ ಕೊಡುತ್ತವೆ. ಟೇಪ್ ಸವೆದಿದ್ದು ಹೈಫೈ ಧ್ವನಿ ಚಟಪಟಗುಟ್ಟಿದರೆ ಯಂತ್ರವನ್ನು ಸಾಮಾನ್ಯ ಪಥಕ್ಕೆ ಬದಲಿಸಬಹುದು.

ವಿಡಿಯೊ ಜೊತೆಗಿನ ಧ್ವನಿಗೆ ರೂಢಿಯ ಮಾದರಿ ದರ ಸೆಕೆಂಡಿಗೆ 48,000. ಆಡಿಯೊ ಸಿಡಿಯ 44,100ನ್ನು ಇಲ್ಲಿ ಬಳಸುವುದಿಲ್ಲ. ಅತಿ ಜೋರಾದ ಜಾಗದಲ್ಲೂ ಮೀಟರ್ ಸೊನ್ನೆ ಡೆಸಿಬೆಲ್ ಮುಟ್ಟದಂತೆ, −12ರಿಂದ −6ರ ನಡುವೆ ಇರುವಂತೆ ಹೊಂದಿಸಿಕೊಂಡರೆ ಸಾಕು.

ಕ್ಯಾಪ್ಚರ್ ಸಾಧನ

ಅನಲಾಗ್ ಕ್ಯಾಪ್ಚರ್ ಸಾಧನದೊಳಗೆ ಮೂರು ಕೆಲಸ ನಡೆಯುತ್ತವೆ: ಡಿಕೋಡರ್ ಚಿಪ್ ಬಣ್ಣ ಮತ್ತು ಪ್ರಕಾಶವನ್ನು ಬೇರ್ಪಡಿಸಿ ಅಂಕಿಗಳಾಗಿಸುತ್ತದೆ, ಆಡಿಯೊ ಚಿಪ್ ಧ್ವನಿಯನ್ನು ಅಂಕಿಗಳಾಗಿಸುತ್ತದೆ, ಸೇತುವೆ ಚಿಪ್ ಎರಡನ್ನೂ ಯುಎಸ್‌ಬಿಗೆ ದಾಟಿಸುತ್ತದೆ. ಅಂಕಿಗಳಾಗಿಸುವ ಪ್ರಮಾಣ 1982ರ ಸಿಸಿಐಆರ್ 601 ಶಿಫಾರಸಿನಲ್ಲಿ ನಿಶ್ಚಯವಾದದ್ದು. ಅದರ ಇಂದಿನ ಹೆಸರು ಐಟಿಯು-ಆರ್ ಬಿಟಿ.601. ಪ್ರಕಾಶಾಂಶಕ್ಕೆ ಸೆಕೆಂಡಿಗೆ 1.35 ಕೋಟಿ ಮಾದರಿ, ಒಂದು ಗೆರೆಗೆ 720 ಬಿಂದು. ಪಾಲ್ ಚಿತ್ರ 720×576, ಎನ್‌ಟಿಎಸ್‌ಸಿ ಚಿತ್ರ 720×480 ಎಂಬ ಅಳತೆ ಇಲ್ಲಿಂದ ಬಂತು. ಈ ಬಿಂದುಗಳು ಚೌಕಾಕಾರದವಲ್ಲ. 4:3 ಪ್ರಮಾಣಕ್ಕೆ ತೋರಿಸಬೇಕು, ಇಲ್ಲವಾದರೆ ಮುಖಗಳು ತುಸು ಕಿರಿದಾಗಿಯೋ ಅಗಲವಾಗಿಯೋ ಕಾಣುತ್ತವೆ.

ಸಂಕುಚಿಸದ ಪಾಲ್ ಚಿತ್ರ ಸೆಕೆಂಡಿಗೆ ಸುಮಾರು 20.7 ಮೆಗಾಬೈಟ್, ಎಂದರೆ 166 ಮೆಗಾಬಿಟ್. ಯುಎಸ್‌ಬಿ 2.0ರ ಮಿತಿ 480 ಮೆಗಾಬಿಟ್ ಆದ್ದರಿಂದ ಅದು ಸಲೀಸಾಗಿ ಹಿಡಿಸುತ್ತದೆ. ಗಂಟೆಗೆ ಸುಮಾರು 75 ಗಿಗಾಬೈಟ್ ಜಾಗ ಬೇಕು. ಹಫ್‌ವೈಯುವಿ, ಎಫ್‌ಎಫ್‌ವಿ1 ಮುಂತಾದ ನಷ್ಟವಿಲ್ಲದ ಸಂಕೋಚನ ಇದನ್ನು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಸುತ್ತದೆ. ಎಚ್‌ಡಿಯ ಲೆಕ್ಕ ಬೇರೆ. 1920×1080ರ ಚಿತ್ರ ಸೆಕೆಂಡಿಗೆ 60 ಫ್ರೇಮ್ ಬಂದರೆ ಸುಮಾರು 2 ಗಿಗಾಬಿಟ್ ಆಗುತ್ತದೆ. ಅಗ್ಗದ ಎಚ್‌ಡಿಎಂಐ ಕಡ್ಡಿಗಳು ಯುಎಸ್‌ಬಿ 2.0ರಲ್ಲೇ ಇದನ್ನು ಸಾಗಿಸಲು ಚಿತ್ರವನ್ನು ಜೆಪೆಗ್ ಮಾದರಿಯಲ್ಲಿ ಹಿಂಡುತ್ತವೆ. ಸೆಕೆಂಡಿಗೆ 5 ಗಿಗಾಬಿಟ್‌ನ ಯುಎಸ್‌ಬಿ 3.0 ಸಾಧನಕ್ಕೆ ಆ ಕಷ್ಟವಿಲ್ಲ.

ಒಂದೇ ಹೊರರೂಪ, ಒಂದೇ ಹೆಸರಿನ ಅಗ್ಗದ ಸಾಧನಗಳಲ್ಲಿ ಬೇರೆ ಬೇರೆ ಚಿಪ್‌ಗಳಿರುವುದು ಈ ವ್ಯಾಪಾರದ ಗುಣ. ಈಜಿಕ್ಯಾಪ್ ಎಂಬ ಹೆಸರಿನ ಸಾಧನಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಒಂದರ ಡ್ರೈವರ್ ಇನ್ನೊಂದಕ್ಕೆ ಒಗ್ಗದು. ಯುವಿಸಿ ಎಂಬ ಯುಎಸ್‌ಬಿ ವಿಡಿಯೊ ಮಾನದಂಡವನ್ನು ಪಾಲಿಸುವ ಸಾಧನಗಳಿಗೆ ಪ್ರತ್ಯೇಕ ಡ್ರೈವರ್ ಬೇಡ; ವೆಬ್‌ಕ್ಯಾಮಿನಂತೆ ನೇರವಾಗಿ ಗುರುತಿಸಲ್ಪಡುತ್ತವೆ.

ಟೇಪಿನ ಯಾಂತ್ರಿಕ ಅಲುಗಾಟದಿಂದ ಗೆರೆಗಳು ಒಂದಿಷ್ಟು ಹಿಂದೆ ಮುಂದೆ ಬರುತ್ತವೆ. ಹಳೆಯ ಟಿವಿ ಇದನ್ನು ಸಹಿಸುತ್ತಿತ್ತು, ಕ್ಯಾಪ್ಚರ್ ಸಾಧನ ಅಷ್ಟಾಗಿ ಸಹಿಸದು. ನೇರ ಕಂಬಗಳು ಅಲೆಯಂತೆ ಕಾಣುತ್ತವೆ, ಫ್ರೇಮ್‌ಗಳು ಬಿಟ್ಟುಹೋಗುತ್ತವೆ. ಈ ಏರುಪೇರನ್ನು ನೇರ್ಪಡಿಸುವುದು ಟೈಮ್ ಬೇಸ್ ಕರೆಕ್ಟರ್. ದುಬಾರಿ ಎಸ್-ವಿಎಚ್ಎಸ್ ವಿಸಿಆರ್‌ಗಳಲ್ಲಿ ಇದು ಒಳಗೇ ಇರುತ್ತದೆ. ಇಲ್ಲದವರು ವಿಸಿಆರ್ ಮತ್ತು ಕ್ಯಾಪ್ಚರ್ ಸಾಧನದ ನಡುವೆ ಕೆಲವು ಡಿವಿಡಿ ರೆಕಾರ್ಡರ್‌ಗಳನ್ನು, ಉದಾಹರಣೆಗೆ ಪ್ಯಾನಾಸೋನಿಕ್‌ನ ಡಿಎಂಆರ್-ಇಎಸ್10ನ್ನು, ಇದೇ ಉದ್ದೇಶಕ್ಕೆ ಇಡುತ್ತಾರೆ.

ಡಿಜಿಟಲ್ ಮೂಲಗಳು

ಮಿನಿಡಿವಿ ಮತ್ತು ಡಿಜಿಟಲ್8 ಟೇಪುಗಳಲ್ಲಿ ಚಿತ್ರ ಆಗಲೇ ಅಂಕಿಗಳ ರೂಪದಲ್ಲಿದೆ. ಫೈರ್‌ವೈರ್ ಕೇಬಲ್ ಅದನ್ನು ಬದಲಾವಣೆಯಿಲ್ಲದೆ ಕಂಪ್ಯೂಟರಿಗೆ ಸಾಗಿಸುತ್ತದೆ, ಆದ್ದರಿಂದ ಇದು ಕ್ಯಾಪ್ಚರ್ ಅನ್ನುವುದಕ್ಕಿಂತ ನಕಲು. ಚಿತ್ರಕ್ಕೆ ಸೆಕೆಂಡಿಗೆ 25 ಮೆಗಾಬಿಟ್, ಧ್ವನಿ ಇತ್ಯಾದಿ ಸೇರಿ ಗಂಟೆಗೆ ಸುಮಾರು 13 ಗಿಗಾಬೈಟ್. ಧ್ವನಿ, ಚಿತ್ರೀಕರಣದ ದಿನಾಂಕ, ಟೈಮ್‌ಕೋಡ್ ಎಲ್ಲವೂ ಜೊತೆಗೇ ಬರುತ್ತವೆ. ಟೇಪನ್ನು ಓಡಿಸುವುದು, ನಿಲ್ಲಿಸುವುದೂ ಕಂಪ್ಯೂಟರಿನಿಂದಲೇ ಆಗುತ್ತದೆ. ಸೋನಿ ಇದೇ ಜಾಕನ್ನು ಐ.ಲಿಂಕ್ ಎಂದು ಕರೆದಿದೆ. ಕ್ಯಾಮೆರಾದ ಕಡೆ 4 ಪಿನ್, ಕಂಪ್ಯೂಟರಿನ ಕಡೆ 4, 6 ಅಥವಾ 9 ಪಿನ್. 6 ಪಿನ್ನಿನ ಪ್ಲಗ್‌ನಲ್ಲಿ ವಿದ್ಯುತ್ತೂ ಹರಿಯುವುದರಿಂದ ತಲೆಕೆಳಗಾಗಿ ತುರುಕಿದರೆ ಪೋರ್ಟ್ ಸುಡಬಹುದು. ಇದೇ ಟೇಪನ್ನು ಹಳದಿ ಕೇಬಲ್ಲಿನಿಂದ ತೆಗೆಯುವುದು, ಇದ್ದ ಅಂಕಿಗಳನ್ನು ಅನಲಾಗ್‌ಗೆ ತಿರುಗಿಸಿ ಮತ್ತೆ ಅಂಕಿಗಳಾಗಿಸುವ ವ್ಯರ್ಥ ಸುತ್ತು. ಕ್ಯಾಮೆರಾದ ಯುಎಸ್‌ಬಿ ಜಾಕ್ ಹಲವು ಮಾದರಿಗಳಲ್ಲಿ ಸ್ಥಿರಚಿತ್ರಗಳಿಗೆ ಅಥವಾ ಕಡಿಮೆ ಗುಣಮಟ್ಟದ ವೆಬ್‌ಕ್ಯಾಮ್ ಬಳಕೆಗೆ ಸೀಮಿತ.

ಕೆಲವು ಡಿವಿ ಕ್ಯಾಮ್‌ಕಾರ್ಡರ್‌ಗಳು ಅನಲಾಗ್ ಸಂಕೇತವನ್ನು ಒಳತೆಗೆದುಕೊಂಡು, ಡಿವಿಯಾಗಿಸಿ, ಫೈರ್‌ವೈರ್‌ನಲ್ಲಿ ಹೊರಬಿಡುತ್ತವೆ. ಇದಕ್ಕೆ ಪಾಸ್-ಥ್ರೂ ಎಂದು ಹೆಸರು. ಅನೇಕ ಡಿಜಿಟಲ್8 ಕ್ಯಾಮೆರಾಗಳು ಹಳೆಯ ವಿಡಿಯೊ 8, ಹೈ8 ಟೇಪನ್ನೂ ಹೀಗೆಯೇ ಓದಿಕೊಡುತ್ತವೆ.

ಎಚ್‌ಡಿಎಂಐಯ ಸಾಮಾನ್ಯ ಪ್ಲಗ್‌ಗೆ 19 ಪಿನ್ನುಗಳಿವೆ. ಧ್ವನಿಗೆ ಬೇರೆ ಕೇಬಲ್ ಬೇಡ. ಕ್ಯಾಪ್ಚರ್ ಸಾಧನದಲ್ಲಿ ಎರಡು ಜಾಕ್ ಇದ್ದರೆ ಒಂದು ಒಳಬರುವುದಕ್ಕೆ, ಇನ್ನೊಂದು ಅದೇ ಚಿತ್ರವನ್ನು ತಡವಿಲ್ಲದೆ ಟಿವಿಗೆ ಕಳಿಸುವುದಕ್ಕೆ. ಆಟವಾಡುವವರು ಟಿವಿ ನೋಡಿಯೇ ಆಡಬೇಕು, ಏಕೆಂದರೆ ಕಂಪ್ಯೂಟರ್ ಪರದೆಯ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಹಳದಿ ಕೇಬಲ್ಲನ್ನು ಎಚ್‌ಡಿಎಂಐ ಆಗಿಸುವ ಪುಟ್ಟ ಡಬ್ಬಿಗಳು ಟಿವಿಗೆ ಜೋಡಿಸಲು ಅನುಕೂಲ, ಸಂಗ್ರಹಕ್ಕೆ ಅಲ್ಲ: ಅವು ಇಂಟರ್‌ಲೇಸ್ ಗೆರೆಗಳನ್ನು ತಮಗೆ ತೋಚಿದಂತೆ ಬೆಸೆದು, 4:3 ಚಿತ್ರವನ್ನು ಎಚ್‌ಡಿ ಅಳತೆಗೆ ಎಳೆದು ಕೊಡುತ್ತವೆ. ಒಮ್ಮೆ ಹಾಗೆ ದಾಖಲಾದ ಚಿತ್ರವನ್ನು ಮೂಲಕ್ಕೆ ಮರಳಿಸಲಾಗದು.

ಕೇಬಲ್ಲಿನ ಉದ್ದಕ್ಕೂ ಮಿತಿಗಳಿವೆ. ಯುಎಸ್‌ಬಿ 2.0 ಕೇಬಲ್ಲಿಗೆ 5 ಮೀಟರ್, ಫೈರ್‌ವೈರ್‌ಗೆ 4.5 ಮೀಟರ್. ಎಸ್‌ಡಿಐ ಮಾತ್ರ ಒಳ್ಳೆಯ ಕೊಆಕ್ಸಿಯಲ್ ಕೇಬಲ್ಲಿನಲ್ಲಿ ನೂರು ಮೀಟರಿನಷ್ಟು ದೂರ ಎಚ್‌ಡಿ ಒಯ್ಯಬಲ್ಲದು.

ಜೋಡಿಸುವ ಕ್ರಮ

ಎರಡೂ ಕಡೆಯ ವಿದ್ಯುತ್ ಆರಿಸಿ ಕೇಬಲ್ ಜೋಡಿಸುವುದು ಸುರಕ್ಷಿತ ಪದ್ಧತಿ. ವಿಸಿಆರ್‌ನ ಹಿಂಬದಿಯಲ್ಲಿ ಇನ್ ಮತ್ತು ಔಟ್ ಎಂಬ ಎರಡು ಗುಂಪು ಜಾಕ್‌ಗಳಿರುತ್ತವೆ. ಕೇಬಲ್ ಹೊರಡಬೇಕಾದ್ದು ಔಟ್‌ನಿಂದ. ಮುಂಬದಿಯ ಜಾಕ್‌ಗಳು ಸಾಮಾನ್ಯವಾಗಿ ಇನ್ ಮಾತ್ರ. ಮೂರು ಬಣ್ಣಗಳನ್ನು ಕ್ಯಾಪ್ಚರ್ ಸಾಧನದ ಅದೇ ಬಣ್ಣಗಳಿಗೆ ಸೇರಿಸಬೇಕು. ಎಸ್-ವಿಡಿಯೊ ಇದ್ದರೆ ಹಳದಿಯನ್ನು ಬಿಟ್ಟು ಅದರ ಜೊತೆ ಬಿಳಿ, ಕೆಂಪುಗಳನ್ನು ಜೋಡಿಸಬೇಕು. ಸಾಧನವನ್ನು ಯುಎಸ್‌ಬಿ ಹಬ್‌ಗೆ ಹಾಕದೆ ಕಂಪ್ಯೂಟರಿನ ಪೋರ್ಟ್‌ಗೇ ಹಾಕುವುದು ಒಳಿತು. ಡ್ರೈವರ್ ಬೇಕಾದ ಸಾಧನವಾದರೆ ತಯಾರಕರು ಹೇಳಿದ ಕ್ರಮದಲ್ಲಿ ಅದನ್ನು ಮೊದಲೇ ಸ್ಥಾಪಿಸಿರಬೇಕು.

ಬಳಿಕ ತಂತ್ರಾಂಶ. ಒಬಿಎಸ್ ಸ್ಟುಡಿಯೊ, ವರ್ಚುವಲ್‌ಡಬ್ ಮುಂತಾದ ಉಚಿತ ತಂತ್ರಾಂಶಗಳು ಬಳಕೆಯಲ್ಲಿವೆ. ಒಬಿಎಸ್ ನೇರಪ್ರಸಾರಕ್ಕೆ ಹೇಳಿ ಮಾಡಿಸಿದ್ದು. ಇಂಟರ್‌ಲೇಸ್ ಇರುವ ಟೇಪನ್ನು ಇದ್ದಂತೆ ಉಳಿಸಿಕೊಳ್ಳಲು ವರ್ಚುವಲ್‌ಡಬ್ ಮಾದರಿಯವು ಮೇಲು. ವಿಡಿಯೊ ಮೂಲ ಕಾಂಪೋಸಿಟ್ಟೋ ಎಸ್-ವಿಡಿಯೊವೋ, ಪದ್ಧತಿ ಪಾಲ್-ಬಿಯೋ ಎನ್‌ಟಿಎಸ್‌ಸಿ-ಎಂ ಎಂಬುದೋ, ಆಡಿಯೊ ಬರುವುದು ಯಾವ ಸಾಧನದಿಂದ ಎಂಬ ಮೂರನ್ನು ಆರಿಸಬೇಕು. ಕೇಬಲ್ ಸರಿಯಿದ್ದೂ ಪರದೆ ಕಪ್ಪಾಗಿಯೋ ನೀಲಿಯಾಗಿಯೋ ಉಳಿಯುವುದು ಹೆಚ್ಚಿನ ಸಂದರ್ಭಗಳಲ್ಲಿ ಈ ಆಯ್ಕೆಗಳ ತಪ್ಪಿನಿಂದ.

ಬಹುಕಾಲ ಮುಟ್ಟದ ಟೇಪನ್ನು ಮೊದಲು ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ ಬಿಗಿತ ಸಮವಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ತೇವದಲ್ಲಿಟ್ಟ ಕ್ಯಾಸೆಟ್‌ಗಳಲ್ಲಿ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹತ್ತಿರುವುದುಂಟು. ಅಂಥದ್ದನ್ನು ಶುಚಿಮಾಡದೆ ಯಂತ್ರಕ್ಕೆ ಹಾಕಿದರೆ ಹೆಡ್ ಕಟ್ಟಿಕೊಳ್ಳುತ್ತದೆ, ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಹೆಡ್ ಟೇಪಿನ ಪಥವನ್ನು ಸರಿಯಾಗಿ ಓದುವಂತೆ ಟ್ರ್ಯಾಕಿಂಗ್ ಹೊಂದಿಸಿ, ಐದು ನಿಮಿಷ ದಾಖಲಿಸಿ, ಧ್ವನಿ–ಚಿತ್ರ ಪರೀಕ್ಷಿಸಿ, ಆಮೇಲೆ ಪೂರ್ತಿ ಟೇಪನ್ನು ಹಿಡಿಯುವುದು ರೂಢಿ. ಚಿತ್ರದ ಕೆಳತುದಿಯಲ್ಲಿ ಕಾಣುವ ಹರಕು ಪಟ್ಟಿ ವಿಎಚ್ಎಸ್‌ನ ಸಹಜ ಗುಣ. ಟಿವಿಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು.

ಧ್ವನಿ–ಚಿತ್ರ ಹೊಂದಾಣಿಕೆ

ಚಿತ್ರ ಕ್ಯಾಪ್ಚರ್ ಸಾಧನದಿಂದಲೂ ಧ್ವನಿ ಕಂಪ್ಯೂಟರಿನ ಲೈನ್ ಇನ್‌ನಿಂದಲೂ ಬಂದಾಗ ಎರಡು ಗಡಿಯಾರಗಳು ಕೆಲಸ ಮಾಡುತ್ತವೆ. ಅವುಗಳ ವೇಗದಲ್ಲಿ ಹತ್ತು ಲಕ್ಷಕ್ಕೆ ನೂರು ಪಾಲು ವ್ಯತ್ಯಾಸವಿದ್ದರೂ ಒಂದು ಗಂಟೆಗೆ 0.36 ಸೆಕೆಂಡ್ ಅಂತರವಾಗುತ್ತದೆ: ಆರಂಭದಲ್ಲಿ ಸರಿಯಿದ್ದ ತುಟಿ ಮತ್ತು ಮಾತು ಮೂರನೆಯ ಗಂಟೆಗೆ ಒಂದು ಸೆಕೆಂಡಿಗೂ ಹೆಚ್ಚು ದೂರ ಸರಿದಿರುತ್ತವೆ. ಆರಂಭದಿಂದ ಕೊನೆಯವರೆಗೂ ಒಂದೇ ಪ್ರಮಾಣದ ಅಂತರವಿದ್ದರೆ ಅದು ವಿಳಂಬ. ಧ್ವನಿಪಥವನ್ನು ಸರಿಸಿದರೆ ಮುಗಿಯಿತು. ಬರಬರುತ್ತಾ ಹೆಚ್ಚುವ ಅಂತರಕ್ಕೆ ಧ್ವನಿಯನ್ನು ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಇದ್ದಕ್ಕಿದ್ದಂತೆ ಜಿಗಿಯುವ ಅಂತರ ಬಿಟ್ಟುಹೋದ ಫ್ರೇಮ್‌ಗಳಿಂದ ಬಂದದ್ದು. ಅದಕ್ಕೆ ನಿಧಾನದ ಡಿಸ್ಕ್, ಹಿನ್ನೆಲೆಯಲ್ಲಿ ನಡೆಯುವ ಇತರ ಕೆಲಸ, ಅಸ್ಥಿರ ಟೇಪ್ ಕಾರಣಗಳು.

ಧ್ವನಿ–ಚಿತ್ರ ಎರಡನ್ನೂ ಒಂದೇ ಸಾಧನಕ್ಕೆ ಜೋಡಿಸುವುದು ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಡಿವಿ ಪಾಸ್-ಥ್ರೂನಲ್ಲಿ ಎರಡೂ ಒಂದೇ ಹರಿವಿನಲ್ಲಿ ಹೆಣೆದುಕೊಂಡಿರುವುದರಿಂದ ಅಂತರ ಬೆಳೆಯುವ ಸಂಭವ ಇನ್ನೂ ಕಡಿಮೆ.

ಸಾಮಾನ್ಯ ದೋಷಗಳು

ಚಿತ್ರ ಕಪ್ಪು–ಬಿಳುಪಾಗಿ ಬಂದರೆ ಪಾಲ್–ಎನ್‌ಟಿಎಸ್‌ಸಿ ಆಯ್ಕೆ ತಪ್ಪಿರಬಹುದು, ಕಾಂಪೊನೆಂಟ್‌ನ ಹಸಿರು ಪ್ಲಗ್ ಹಳದಿ ಜಾಕ್‌ನಲ್ಲಿರಬಹುದು, ಎಸ್-ವಿಡಿಯೊ ಪಿನ್ ಬಾಗಿರಬಹುದು. ಚಿತ್ರ ಮೇಲೆ ಕೆಳಗೆ ಉರುಳುವುದು ಪದ್ಧತಿಯ ತಪ್ಪನ್ನು ಅಥವಾ ಕೆಟ್ಟ ಸಿಂಕ್ ಅನ್ನು ಸೂಚಿಸುತ್ತದೆ.

ಧ್ವನಿಯಲ್ಲಿ 50 ಹರ್ಟ್ಸ್‌ನ ಗುಂಯ್ ಎಂಬ ನಾದ, ಚಿತ್ರದಲ್ಲಿ ನಿಧಾನವಾಗಿ ಏರುವ ಅಡ್ಡಪಟ್ಟಿ ಕಂಡರೆ ಗ್ರೌಂಡ್ ಲೂಪ್ ಆಗಿದೆ ಎಂದರ್ಥ. ಎರಡು ಉಪಕರಣಗಳು ಬೇರೆ ಬೇರೆ ಕಡೆ ಅರ್ಥ್ ಆಗಿ, ನಡುವಿನ ಕೇಬಲ್ಲಿನಲ್ಲಿ ಅನಗತ್ಯ ವಿದ್ಯುತ್ ಹರಿಯುವುದೇ ಇದರ ಮೂಲ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕುವುದು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸುವುದು, ವಿಸಿಆರ್‌ಗೆ ಸಿಕ್ಕಿಸಿದ ಕೇಬಲ್ ಟಿವಿ ತಂತಿಯನ್ನು ಕಳಚುವುದು, ಆಡಿಯೊ ಐಸೊಲೇಟರ್ ಹಾಕುವುದು ಪರಿಹಾರಗಳು. ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವ ಅಭ್ಯಾಸ ಜೀವಕ್ಕೆ ಅಪಾಯ.

ನಕಲು ತಡೆ

ಎಂಬತ್ತರ ದಶಕದ ನಡುವಿನಿಂದ ಅನೇಕ ಸಿನಿಮಾ ಕ್ಯಾಸೆಟ್‌ಗಳಿಗೆ ಮ್ಯಾಕ್ರೋವಿಷನ್ ಎಂಬ ತಡೆ ಹಾಕಲಾಯಿತು. ಚಿತ್ರವಿಲ್ಲದ ಬಿಡುವಿನ ಗೆರೆಗಳಲ್ಲಿ ಹುಸಿ ಸ್ಪಂದನಗಳನ್ನಿಟ್ಟು, ದಾಖಲಿಸುವ ಯಂತ್ರದ ಮಟ್ಟ ಹೊಂದಿಸುವ ಮಂಡಲವನ್ನು ಅದು ದಿಕ್ಕುತಪ್ಪಿಸುತ್ತದೆ. ಟಿವಿಯಲ್ಲಿ ಸರಿಯಾಗಿ ಕಾಣುವ ಚಿತ್ರ ನಕಲಿನಲ್ಲಿ ಮಂಕಾಗಿ, ಮತ್ತೆ ಬೆಳಗಿ, ಮತ್ತೆ ಮಂಕಾಗುತ್ತದೆ. ಸವೆದ ಮನೆ ಟೇಪಿನ ಅಸ್ಥಿರ ಸಂಕೇತವನ್ನೇ ಕೆಲವು ಸಾಧನಗಳು ಈ ತಡೆಯೆಂದು ತಪ್ಪಾಗಿ ತಿಳಿದು ದಾಖಲಿಸಲು ನಿರಾಕರಿಸುವುದೂ ಉಂಟು. ಎಚ್‌ಡಿಎಂಐಯಲ್ಲಿ ಈ ಕೆಲಸ ಮಾಡುವುದು ಇಂಟೆಲ್ ರೂಪಿಸಿದ ಎಚ್‌ಡಿಸಿಪಿ ಗೂಢಲಿಪಿ. ಅದು ಚಾಲ್ತಿಯಲ್ಲಿದ್ದರೆ ಕ್ಯಾಪ್ಚರ್ ಸಾಧನಕ್ಕೆ ಕಪ್ಪು ಪರದೆಯೇ ಸಿಗುತ್ತದೆ. ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ಕ್ಕೆ 2012ರಲ್ಲಿ ಸೇರಿದ 65ಎ ಕಲಂ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ತಡೆಗಳನ್ನು ಮುರಿಯುವುದನ್ನು ಅಪರಾಧವಾಗಿಸಿದೆ.

ಬಳಕೆ ಮತ್ತು ಇಂದಿನ ಸ್ಥಿತಿ

ಮನೆಯ ಟೇಪುಗಳ ರಕ್ಷಣೆ, ಪ್ರಸಾರ ಸಂಸ್ಥೆಗಳ ಹಳೆಯ ದಾಖಲೆಗಳ ಡಿಜಿಟಲೀಕರಣ, ಆಟದ ನೇರಪ್ರಸಾರ, ಕ್ಯಾಮೆರಾವನ್ನು ವೆಬ್‌ಕ್ಯಾಮಾಗಿ ಬಳಸುವ ಆನ್‌ಲೈನ್ ಪಾಠ, ವೈದ್ಯಕೀಯ ಎಂಡೋಸ್ಕೋಪಿಯ ದಾಖಲೆ ಇವೆಲ್ಲ ಈ ಜೋಡಣೆಯನ್ನು ಅವಲಂಬಿಸಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಗಳಲ್ಲಿ ಆರ್‌ಸಿಎ ಕೇಬಲ್ ಮತ್ತು ಅಡಾಪ್ಟರ್‌ಗಳು ಸುಲಭವಾಗಿ ದೊರೆಯುತ್ತವೆ. ಕೇಬಲ್ಲಿಗಿಂತ ಕಷ್ಟವಾಗಿರುವುದು ಟೇಪ್ ಓದುವ ಯಂತ್ರ: ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಎಚ್ಎಸ್ ಯಂತ್ರಗಳು ಬರಲಿಲ್ಲ. ಯುನೆಸ್ಕೊ 2019ರಲ್ಲಿ ಹೊರಡಿಸಿದ ಕಾಂತೀಯ ಟೇಪ್ ಎಚ್ಚರಿಕೆ, 2025ರ ಹೊತ್ತಿಗೆ ಟೇಪುಗಳನ್ನು ಓದುವ ಯಂತ್ರ ಮತ್ತು ಬಿಡಿಭಾಗಗಳ ಕೊರತೆ ತೀವ್ರವಾಗಬಹುದೆಂದು ಹೇಳಿತ್ತು. ಫೈರ್‌ವೈರ್ ಪೋರ್ಟ್ ಹೊಸ ಕಂಪ್ಯೂಟರ್‌ಗಳಿಂದ ಮರೆಯಾಗಿದೆ. ಮಿನಿಡಿವಿ ಟೇಪುಗಳಿಗಾಗಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನೋ ಹಳೆಯ ಕಂಪ್ಯೂಟರನ್ನೋ ಉಳಿಸಿಕೊಳ್ಳಬೇಕಾಗಿದೆ.

ಇತ್ತೀಚಿನ ಬೆಳವಣಿಗೆ ಜಾಕ್‌ಗಳನ್ನೇ ದಾಟಿ ಹೋಗುವಂಥದ್ದು. ವಿಎಚ್ಎಸ್-ಡಿಕೋಡ್ ಎಂಬ ಮುಕ್ತ ತಂತ್ರಾಂಶ ಯೋಜನೆಯಲ್ಲಿ ವಿಸಿಆರ್‌ನ ಹೆಡ್ ಆಂಪ್ಲಿಫೈಯರಿನ ಪರೀಕ್ಷಾ ಬಿಂದುವಿಗೆ ತಂತಿಯನ್ನು ಬೆಸುಗೆ ಹಾಕಿ, ಟೇಪಿನಿಂದ ಬಂದ ರೇಡಿಯೊ ಆವರ್ತನದ ಕಚ್ಚಾ ಸಂಕೇತವನ್ನೇ ಕಂಪ್ಯೂಟರಿಗೆ ಕೊಡಲಾಗುತ್ತದೆ. ಬಣ್ಣ ಬೇರ್ಪಡಿಸುವುದು, ಗೆರೆಗಳನ್ನು ನೇರ್ಪಡಿಸುವುದು ಎಲ್ಲವೂ ಆಮೇಲೆ ತಂತ್ರಾಂಶದಲ್ಲಿ ನಡೆಯುತ್ತದೆ. ಟೈಮ್ ಬೇಸ್ ಕರೆಕ್ಟರ್ ಇಲ್ಲದ ಸಾಮಾನ್ಯ ವಿಸಿಆರ್ ಕೂಡ ಇದಕ್ಕೆ ಸಾಕು. ಹೈಫೈ ಧ್ವನಿಗೆ ಇನ್ನೊಂದು ಬಿಂದುವಿನಿಂದ ಇನ್ನೊಂದು ತಂತಿ ಎಳೆಯಬೇಕು. ಟೇಪಿನ ಅಂಚಿನ ಮೋನೊ ಧ್ವನಿಯನ್ನು ಮಾತ್ರ ಮೊದಲಿನಂತೆ ಆರ್‌ಸಿಎ ಆಡಿಯೊ ಜಾಕ್‌ನಿಂದಲೇ ತೆಗೆದುಕೊಳ್ಳಲಾಗುತ್ತದೆ.